ಆನಿ ಮಸ್ಕರೇನ್: ಸ್ವಂತ ಹೆಸರಿನಲ್ಲಿ ಸಂಸತ್ತಿಗೆ ಹೋದ ಮಹಿಳೆ

ಮಸ್ಕರೇನ್ ಎಂಬ ಹೆಸರು ಕೇಳಿದ ಕೂಡಲೇ ಮಂಗಳೂರು ಕಡೆಯವರಾದ ನಮಗೆ ಇಲ್ಲಿನ ಮಸ್ಕರೇನ್ಹಸ್ ಮನೆತನಗಳು ನೆನಪಾಗುತ್ತವೆ. ಆದರೆ ಆನಿ ಮಸ್ಕರೇನ್ ನಮ್ಮ ಜಿಲ್ಲೆಯವರಲ್ಲ. ಅವರು 1902ರ ಜೂನ್ 6ರಂದು ತಿರುವನಂತಪುರದ ಲ್ಯಾಟಿನ್ ಕಥೋಲಿಕ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ತಿರುವಾಂಕೂರು ಸಂಸ್ಥಾನದಲ್ಲಿ ಸರಕಾರಿ ನೌಕರರಾಗಿದ್ದರು. ಆನಿಯವರು ಇತಿಹಾಸ ಹಾಗೂ ಅರ್ಥಶಾಸ್ತ್ರದಲ್ಲಿ ಎಂ.ಎ. ಪದವಿ ಪಡೆದು, ಕೆಲಕಾಲ ಸಿಲೋನಿನಲ್ಲಿ ಅಧ್ಯಾಪಕಿಯಾಗಿದ್ದು, ಊರಿಗೆ ಮರಳಿ ಕಾನೂನು ಓದಿದರು.

ಅಷ್ಟು ಓದಿದವರಿಗೆ ನೆಮ್ಮದಿಯ ಬದುಕು ಕಷ್ಟವಿರಲಿಲ್ಲ. ಆದರೆ ಅವರು 1938ರಲ್ಲಿ ಹುಟ್ಟಿಕೊಂಡ ತಿರುವಾಂಕೂರು ಸ್ಟೇಟ್ ಕಾಂಗ್ರೆಸ್ ಸೇರಿ, ಜವಾಬ್ದಾರಿ ಸರಕಾರಕ್ಕಾಗಿ ದಿವಾನ ಸರ್ ಸಿ.ಪಿ. ರಾಮಸ್ವಾಮಿ ಅಯ್ಯರ್ ಅವರ ಆಡಳಿತವನ್ನು ಎದುರು ಹಾಕಿಕೊಂಡರು. ಅವರ ಮೇಲೆ ಹಲ್ಲೆಯಾಯಿತು, ಮನೆಗೆ ನುಗ್ಗಿ ಸೊತ್ತು ಹಾಳುಗೆಡವಿದರು. 1939ರಿಂದ 1947ರವರೆಗೆ ಹಲವು ಬಾರಿ ಜೈಲು ಕಂಡರು. ಮಾತು ಬಲು ಖಾರ. ನಾಲಗೆಯ ಮೇಲೆ ಹಿಡಿತವಿಲ್ಲವೆಂದು ಸ್ವತಃ ಗಾಂಧೀಜಿಯೇ ಪತ್ರ ಬರೆದು ಗದರಿಸಿದ್ದುಂಟು. ಅದೇ ಖಾರದ ಮಾತು ಗಂಡಸರ ಬಾಯಿಂದ ಬಂದರೆ ಧೈರ್ಯ ಎನ್ನುವುದು ನಮ್ಮ ವಾಡಿಕೆ!

1948ರಲ್ಲಿ ತಿರುವಾಂಕೂರು ಶಾಸನಸಭೆಗೆ ಆಯ್ಕೆಯಾದ ಅವರು, ಅದೇ ವರ್ಷದ ಡಿಸೆಂಬರಿನಲ್ಲಿ ಸಂವಿಧಾನ ರಚನಾ ಸಭೆಯನ್ನು ಪ್ರವೇಶಿಸಿದರು. ಸುಮಾರು 300 ಮಂದಿಯ ಆ ಸಭೆಯಲ್ಲಿ ಕೆಲಸ ಮಾಡಿದ ಸ್ತ್ರೀಯರು ಕೇವಲ 15. ಅಲ್ಲಿ ಅವರು ಮಹಿಳೆಯರ ವಿಷಯಕ್ಕೆ ಮಾತ್ರ ಬಾಯಿ ತೆರೆಯಲಿಲ್ಲ. ಚುನಾವಣೆಯ ಹತೋಟಿ ಪೂರ್ತಿಯಾಗಿ ಕೇಂದ್ರದ ಕೈಗೆ ಹೋಗಬಾರದು, ಪ್ರಾಂತ್ಯಗಳ ಜನರಿಗೂ ಅದರಲ್ಲಿ ಹಕ್ಕಿರಬೇಕು ಎಂದು ವಾದಿಸಿದರು. ಇದನ್ನು ನಾವು ವಿಶೇಷವಾಗಿ ಗಮನಿಸಬೇಕು. ಸ್ತ್ರೀಯನ್ನು ಸಭೆಗೆ ಕರೆಯುವಾಗ ಅವಳು ಮಕ್ಕಳು, ಅಡುಗೆ, ಆರೋಗ್ಯದ ಬಗ್ಗೆ ಹೇಳಿದರೆ ಸಾಕೆಂಬ ಭಾವನೆ ನಮ್ಮ ಚರ್ಚಿನ ಸಭೆಗಳಲ್ಲೂ ಇಲ್ಲದಿಲ್ಲ. 1949–50ರಲ್ಲಿ ಆನಿಯವರು ಸಚಿವೆಯಾದಾಗ ಆರೋಗ್ಯದ ಜೊತೆ ವಿದ್ಯುತ್ ಖಾತೆಯನ್ನೂ ವಹಿಸಿಕೊಂಡಿದ್ದರು.

1951–52ರಲ್ಲಿ ದೇಶದ ಮೊದಲ ಮಹಾಚುನಾವಣೆ ಬಂತು. ಮತದಾರರ ಪಟ್ಟಿ ಮಾಡಲು ಹೋದವರಿಗೆ ಉತ್ತರದ ಹಲವು ಪ್ರಾಂತ್ಯಗಳಲ್ಲಿ ಅನೇಕ ಸ್ತ್ರೀಯರು ತಮ್ಮ ಹೆಸರನ್ನೇ ಹೇಳಲಿಲ್ಲ. ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಬರೆಸಿದರು. ಸ್ವಂತ ಹೆಸರಿಲ್ಲದ ಕಾರಣ ಸುಮಾರು 28 ಲಕ್ಷ ಸ್ತ್ರೀಯರನ್ನು ಪಟ್ಟಿಯಿಂದ ಬಿಡಬೇಕಾಯಿತು. ಅದೇ ಚುನಾವಣೆಯಲ್ಲಿ ಆನಿ ಮಸ್ಕರೇನ್ ಕಾಂಗ್ರೆಸನ್ನು ಬಿಟ್ಟು, ತಿರುವನಂತಪುರದಿಂದ ಪಕ್ಷೇತರರಾಗಿ ನಿಂತು ಗೆದ್ದರು. ಇಂದಿನ ಕೇರಳ ಪ್ರದೇಶದಿಂದ ಲೋಕಸಭೆಗೆ ಹೋದ ಪ್ರಥಮ ಮಹಿಳೆ ಅವರು.

1957ರಲ್ಲಿ ಮತ್ತೆ ನಿಂತು ಸೋತರು. ರಾಜಕೀಯದಿಂದ ಮರೆಗೆ ಸರಿದು, 1963ರ ಜುಲೈಯಲ್ಲಿ ನಿಧನರಾದರು. ತಿರುವನಂತಪುರದಲ್ಲಿ ಅವರ ಪ್ರತಿಮೆ ಅನಾವರಣವಾದದ್ದು 2013ರಲ್ಲಿ, ಅಂದರೆ ಅರ್ಧ ಶತಮಾನದ ನಂತರ.

ಅವರು ತೆರೆದ ದಾರಿಯಲ್ಲಿ ನಡೆದವರೆಷ್ಟು? ಅಕ್ಷರದಲ್ಲಿ ದೇಶಕ್ಕೇ ಮುಂದಿರುವ ಕೇರಳದಿಂದ 1957ರಲ್ಲಿ, 1962ರಲ್ಲಿ ಒಬ್ಬ ಮಹಿಳೆಯೂ ಲೋಕಸಭೆಗೆ ಆರಿಸಿ ಬರಲಿಲ್ಲ. 1967ರಲ್ಲಿ ಸುಶೀಲಾ ಗೋಪಾಲನ್ ಬರಬೇಕಾಯಿತು. ಹೆಣ್ಣುಮಕ್ಕಳು ಓದಿದರೆ ಉಳಿದದ್ದೆಲ್ಲ ತಾನಾಗಿ ಸರಿಹೋಗುತ್ತದೆ ಎಂದು ನಾವೂ ನಂಬಿದ್ದೆವು. ಲೆಕ್ಕ ಹಾಗೆ ಹೇಳುವುದಿಲ್ಲ. ಮಹಿಳೆಯರಿಗೆ ಮೂರನೇ ಒಂದು ಭಾಗ ಸ್ಥಾನ ಮೀಸಲಿಡುವ ತಿದ್ದುಪಡಿಯನ್ನು ಸಂಸತ್ತು 2023ರಲ್ಲಿ ಅಂಗೀಕರಿಸಿತು. ಅದರ ಮರುವರ್ಷ, 2024ರ ಮಹಾಚುನಾವಣೆಯಲ್ಲಿ ಇಡೀ ದೇಶದ 543 ಸ್ಥಾನಗಳಲ್ಲಿ ಮಹಿಳೆಯರಿಗೆ ದಕ್ಕಿದ್ದು 74. ಆನಿಯವರ ಕೇರಳದ 20 ಸ್ಥಾನಗಳಲ್ಲಿ ಒಂದೂ ಇಲ್ಲ. ಅದೇ ನವೆಂಬರಿನ ವಯನಾಡು ಉಪಚುನಾವಣೆಯಲ್ಲಿ ಪ್ರಿಯಾಂಕಾ ಗಾಂಧಿ ಗೆದ್ದ ಮೇಲಷ್ಟೇ ಅಲ್ಲಿಂದ ಒಬ್ಬ ಮಹಿಳೆ ಲೋಕಸಭೆಯಲ್ಲಿ ಕುಳಿತರು.