ವೃದ್ಧರ ಮಾತೆ ಸಂತ ಜೀನ್ ಜುಗಾನ್

ಶತಮಾನೋತ್ಸವದ ಈ ಶುಭಸಮಯದಲ್ಲಿ ದೇವಾಲಯದ ಕಲ್ಲುಮಣ್ಣು ಹೊತ್ತ ಹಿರಿಯರನ್ನು ನಾವು ಕೃತಜ್ಞತೆಯಿಂದ ಸ್ಮರಿಸುತ್ತೇವೆ. ಆದರೆ ಇಂದು ನಮ್ಮ ನಡುವೆಯೇ ಹಾಸಿಗೆ ಹಿಡಿದಿರುವ ಹಿರಿಯರನ್ನೂ, ಅವರ ಸೇವೆಯಲ್ಲಿ ಹಗಲಿರುಳು ಸವೆಯುತ್ತಿರುವವರನ್ನೂ ಸ್ಮರಿಸುತ್ತಿದ್ದೇವೆಯೇ? ಈ ಪ್ರಶ್ನೆಗೆ ಉತ್ತರವಾಗಿ ಬಾಳಿದ ಪುಣ್ಯವಂತೆಯೊಬ್ಬರ ಚರಿತ್ರೆಯನ್ನು ಭಕ್ತಾದಿಗಳ ಮುಂದಿಡಬಯಸುತ್ತೇವೆ.

ಜೀನ್ ಜುಗಾನ್ 1792ರ ಅಕ್ಟೋಬರ್ 25ರಂದು ಫ್ರಾನ್ಸ್ ದೇಶದ ಕಾಂಕಾಲ್ ಎಂಬ ಬೆಸ್ತರ ಊರಿನಲ್ಲಿ ಜನಿಸಿದರು. ಎಳವೆಯಲ್ಲಿಯೇ ತಂದೆ ಸಮುದ್ರದ ಪಾಲಾದರು. ಬಡತನದ ನಿಮಿತ್ತ ಶ್ರೀಮಂತರ ಮನೆಯಲ್ಲಿ ಅಡುಗೆಯ ಊಳಿಗಕ್ಕೆ ನಿಂತ ಜೀನ್, ಮುಂದೆ ಸೇಂಟ್ ಸರ್ವಾನ್ ಪಟ್ಟಣದ ಆಸ್ಪತ್ರೆಯಲ್ಲಿ ರೋಗಿಗಳ ಶುಶ್ರೂಷೆ ಮಾಡಿದರು. ತರುವಾಯ ಹನ್ನೆರಡು ವರ್ಷ ವಯೋವೃದ್ಧ ಮಹಿಳೆಯೊಬ್ಬರನ್ನು ನೋಡಿಕೊಂಡರು.

1839ರ ಚಳಿಗಾಲ. ಕುರುಡಿಯೂ ಪಾರ್ಶ್ವವಾಯು ಪೀಡಿತಳೂ ಆಗಿದ್ದ ಆನ್ ಶೋವಾನ್ ಎಂಬ ಅನಾಥ ವೃದ್ಧೆಯನ್ನು ಮನೆಗೆ ಹೊತ್ತು ತಂದು, ತಮ್ಮ ಹಾಸಿಗೆಯಲ್ಲಿ ಮಲಗಿಸಿ, ತಾವು ಅಟ್ಟದ ಮೇಲೆ ಮಲಗಿದರು. ಆಗ ಅವರಿಗೆ 47 ವರ್ಷ. ಬಡವರ ಕಿರಿಯ ಸಹೋದರಿಯರ ಸಭೆ ಜನ್ಮ ತಾಳಿದ್ದು ಹೀಗೆ. ಆಶ್ರಯ ಪಡೆದ ಮುದುಕಿಯರು ಬೀದಿಯಲ್ಲಿ ಬೇಡುವುದನ್ನು ತಪ್ಪಿಸಲು, ಅವರ ಬದಲಾಗಿ ಜೀನ್ ತಾವೇ ಬುಟ್ಟಿ ಹಿಡಿದು ಮನೆಮನೆಗೂ ಹೋದರು. ಜೋಳಿಗೆಯ ಹಿರಿಮೆಯನ್ನು ಬಲ್ಲ ನಮ್ಮ ಹಾನಗಲ್ಲ ಸೀಮೆಯವರಿಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ.

ಮುಂದಿನ ಕಥೆ ಮನಮಿಡಿಯುವಂಥದು. 1843ರಲ್ಲಿ ಸಭೆಯ ಮಾರ್ಗದರ್ಶಕರಾಗಿದ್ದ ಗುರುಗಳೇ ಅವರನ್ನು ಮುಖ್ಯಸ್ಥಾನದಿಂದ ಇಳಿಸಿದರು. 1852ರಿಂದ 27 ವರ್ಷ ಅವರು ಮಠದೊಳಗೆ ಅಜ್ಞಾತರಾಗಿ ಬಾಳಿದರು. ಸ್ಥಾಪಕಿ ಇವರೇ ಎಂಬುದು ಹೊಸದಾಗಿ ಸೇರಿದ ಸಹೋದರಿಯರಿಗೂ ತಿಳಿದಿರಲಿಲ್ಲ. ವೃದ್ಧರನ್ನು ಹೊತ್ತವರು ತಾವೇ ವೃದ್ಧರಾದಾಗ ಮರೆವಿಗೆ ಸಂದರು. ಆದರೂ ಗೊಣಗದೆ, 1879ರ ಆಗಸ್ಟ್ 29ರಂದು ಪ್ರಭುವಿನಲ್ಲಿ ನಿದ್ರಿಸಿದರು. ಆಗ ಸಭೆಯಲ್ಲಿ ಸುಮಾರು 2,400 ಸಹೋದರಿಯರಿದ್ದರು. 1900ರಲ್ಲಿ ಬೆಂಗಳೂರಿಗೂ ಬಂದ ಈ ಸಹೋದರಿಯರು ಅಲ್ಲಿ ವೃದ್ಧಾಶ್ರಮವನ್ನು ತೆರೆದರು. 2009ರ ಅಕ್ಟೋಬರ್ 11ರಂದು ಹದಿನಾರನೆಯ ಬೆನೆಡಿಕ್ಟ್ ಜಗದ್ಗುರುಗಳು ಜೀನ್ ಅವರನ್ನು ಸಂತರೆಂದು ಸಾರಿದರು.

ಇಲ್ಲಿ ನಮ್ಮದೊಂದು ತಪ್ಪೊಪ್ಪಿಗೆಯೂ ಇದೆ. ಪರಮಪ್ರಸಾದವನ್ನು ಹೊತ್ತು ರೋಗಿಗಳ ಮನೆಗೆ ಹೋದಾಗ ನಾವು ಮಂಚದ ಮೇಲಿರುವವರ ಕ್ಷೇಮ ವಿಚಾರಿಸುತ್ತೇವೆ. ಬಾಗಿಲ ಬಳಿ ನಿಂತ ಸೊಸೆಯನ್ನೋ ಮಗಳನ್ನೋ ವಿಚಾರಿಸದೆ ಎಷ್ಟೋ ಸಲ ಮರಳಿದ್ದೇವೆ. ಮಕ್ಕಳು ದುಡಿಮೆಗಾಗಿ ಹುಬ್ಬಳ್ಳಿ, ಬೆಂಗಳೂರುಗಳಿಗೆ ಹೋದ ಮನೆಗಳಲ್ಲಿ ಮುಪ್ಪಿನ ಗಂಡನಿಗೆ ಮುಪ್ಪಿನ ಹೆಂಡತಿಯೇ ಆಸರೆ. ಭಾನುವಾರ ನೆರೆಯವರೊಬ್ಬರು ಒಂದು ತಾಸು ಆ ಮಂಚದ ಬಳಿ ಕುಳಿತರೆ, ಆ ತಾಯಿಗೆ ಬಲಿಪೂಜೆ ದೊರೆಯುತ್ತದೆ. ಅಕ್ಕಿಆಲೂರಿನ ಪ್ರತಿ ಕ್ರೈಸ್ತ ಕುಟುಂಬವೂ ಈ ಸಂಕಲ್ಪವನ್ನು ಕೈಗೊಳ್ಳಲಿ. ಶತಮಾನೋತ್ಸವಕ್ಕೆ ಇದಕ್ಕಿಂತ ಮಿಗಿಲಾದ ಕಾಣಿಕೆಯಿಲ್ಲ.