ನೀರಿನಾಳದ ಅಮಲನ್ನು ತನ್ನ ಮೈಮೇಲೇ ಅಳೆದ ಹಾಲ್ಡೇನ್: ಸ್ಕೂಬಾ ಡೈವಿಂಗ್‌ಗೆ ಮೊದಲು, ನಂತರ ಮದ್ಯ ಏಕೆ ಬೇಡ?

ಚಳ್ಳಕೆರೆ, ಮೊಳಕಾಲ್ಮೂರು ಕಡೆಯಿಂದ ಟಿ.ಟಿ. ಮಾಡಿಕೊಂಡು ಮುರ್ಡೇಶ್ವರಕ್ಕೆ ಹೋಗುವ ಗೆಳೆಯರಿಗೆ ಈಗ ನೇತ್ರಾಣಿ ದ್ವೀಪದ ಸ್ಕೂಬಾ ಡೈವಿಂಗ್ ಕೂಡ ಒಂದು ಆಕರ್ಷಣೆ. ಅದರ ಜೊತೆಗೇ ಮೂರು ಮಾತುಗಳು ಓಡಾಡುತ್ತವೆ. ಇಳಿಯುವ ಮೊದಲು ಒಂದು ಪೆಗ್ ಹಾಕಿದರೆ ಚಳಿಯೂ ಹೆದರಿಕೆಯೂ ಹೋಗುತ್ತದೆ; ರಾತ್ರಿ ಕುಡಿದದ್ದು ಬೆಳಿಗ್ಗೆಗೆ ಇಳಿದಿರುತ್ತದೆ; ಮೇಲೆ ಬಂದು ಬಿಯರ್ ಕುಡಿದರೆ ದಣಿವು ಆರುತ್ತದೆ. ಮೂರೂ ತಪ್ಪು. ಏಕೆ ತಪ್ಪು ಎಂದು ತಿಳಿಯಲು, ನೀರಿನಾಳದಲ್ಲಿ ದೇಹಕ್ಕೆ ಏನಾಗುತ್ತದೆ ಎಂದು ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು, ಕೊನೆಗೆ ಭಾರತದ ಪ್ರಜೆಯಾಗಿ ಇಲ್ಲೇ ಕಣ್ಣು ಮುಚ್ಚಿದ ವಿಜ್ಞಾನಿಯೊಬ್ಬರ ಬದುಕನ್ನು ನೋಡೋಣ.

ಅಪ್ಪನ ಆಡುಗಳು, ಮಗನ ಮುಳುಗು

ಜೆ.ಬಿ.ಎಸ್. ಹಾಲ್ಡೇನ್ ಹುಟ್ಟಿದ್ದು 1892ರ ನವೆಂಬರ್ 5ರಂದು, ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ. ತಂದೆ ಜಾನ್ ಸ್ಕಾಟ್ ಹಾಲ್ಡೇನ್ ಉಸಿರಾಟದ ವಿಜ್ಞಾನದಲ್ಲಿ ದೊಡ್ಡ ಹೆಸರು. ಆಳದಿಂದ ಬೇಗ ಮೇಲೆ ಬಂದ ಮುಳುಗುಗಾರರಿಗೆ ಕೀಲುನೋವು, ಲಕ್ವ, ಕೆಲವೊಮ್ಮೆ ಸಾವು ಬರುತ್ತಿತ್ತು. ಅದನ್ನು ತಡೆಯಲು ಬ್ರಿಟಿಷ್ ನೌಕಾಪಡೆಗಾಗಿ ಅವರು ಒತ್ತಡದ ಕೋಣೆಯಲ್ಲಿ ಆಡುಗಳನ್ನು ಇಟ್ಟು ಪ್ರಯೋಗ ನಡೆಸಿದರು. ಹಂತ ಹಂತವಾಗಿ, ನಡುನಡುವೆ ನಿಂತು ಮೇಲೆ ಬರಬೇಕು ಎಂಬ ಅವರ ಕೋಷ್ಟಕ 1908ರಲ್ಲಿ ಪ್ರಕಟವಾಯಿತು. ಇಂದಿನ ಡೈವಿಂಗ್ ನಿಯಮಗಳ ಬೇರು ಅಲ್ಲೇ ಇದೆ.

ಅದರ ಪರೀಕ್ಷೆಗಳು ಸ್ಕಾಟ್ಲೆಂಡಿನ ಕಡಲಿನಲ್ಲಿ ನಡೆಯುತ್ತಿದ್ದ 1906ರಲ್ಲಿ 13 ವರ್ಷದ ಮಗನೂ ಮುಳುಗುಡುಪು ತೊಟ್ಟು ನೀರಿಗಿಳಿದ. ಉಡುಪು ದೊಡ್ಡವರ ಅಳತೆಯದು. ಒಳಗೆ ತಣ್ಣೀರು ನುಗ್ಗಿತು. ಹುಡುಗ ನಡುಗುತ್ತಾ ಮೇಲೆ ಬಂದ. ಪ್ರಯೋಗ ಎಂದರೆ ಮೊದಲು ತನ್ನ ಮೈಮೇಲೆ ಎಂಬ ಪಾಠ ಅವನಿಗೆ ಮನೆಯಲ್ಲೇ ಸಿಕ್ಕಿತ್ತು.

ನಮ್ಮ ಕಡೆ ಹೊಲದ ಬಾವಿಗೆ ಹಾರಿ ತಳ ಮುಟ್ಟಿ ಬರುವ ಹುಡುಗರಿಗೆ ಈ ಕಾಯಿಲೆ ಏಕಿಲ್ಲ? ಅವರ ಬಳಿ ಇರುವುದು ದಡದಲ್ಲಿ ಎಳೆದುಕೊಂಡ ಒಂದೇ ಉಸಿರು. ಸ್ಕೂಬಾದಲ್ಲಿ ಹಾಗಲ್ಲ. 10 ಮೀಟರ್ ಆಳದಲ್ಲಿ ಒತ್ತಡ ದಡದಲ್ಲಿರುವುದರ ಎರಡರಷ್ಟು; ಸಿಲಿಂಡರ್‌ನಿಂದ ಬರುವ ಗಾಳಿಯೂ ಅಷ್ಟೇ ಒತ್ತಡದ್ದು. ಅದರಲ್ಲಿನ ಸಾರಜನಕ ರಕ್ತ, ಕೊಬ್ಬು, ನರಗಳಲ್ಲಿ ಕರಗುತ್ತಾ ಹೋಗುತ್ತದೆ. ದಿಢೀರನೆ ಮೇಲೆ ಬಂದರೆ ಗೋಲಿಸೋಡ ಒಡೆದಂತೆ ಗುಳ್ಳೆ ಏಳುತ್ತದೆ.

ಥೀಟಿಸ್ ದುರಂತ, ಉಕ್ಕಿನ ಕೋಣೆ

ಮೊದಲ ಮಹಾಯುದ್ಧದಲ್ಲಿ ಹೋರಾಡಿ, ಗಾಯಗೊಂಡು, ಚೇತರಿಸಿಕೊಳ್ಳಲು ಮೊದಲ ಸಲ ಭಾರತಕ್ಕೆ ಬಂದ ಹಾಲ್ಡೇನ್, ಮುಂದೆ ಕೇಂಬ್ರಿಡ್ಜ್ ಮತ್ತು ಲಂಡನ್‌ನಲ್ಲಿ ಬೋಧಿಸುತ್ತಾ ಜೀವವಿಕಾಸಕ್ಕೆ ಗಣಿತದ ತಳಹದಿ ಹಾಕಿದರು. ಜಗತ್ತು ಅವರನ್ನು ನೆನೆಯುವುದು ಹೆಚ್ಚಾಗಿ ಅದಕ್ಕೇ.

1939ರ ಜೂನ್ 1ರಂದು ಥೀಟಿಸ್ ಎಂಬ ಹೊಸ ಜಲಾಂತರ್ಗಾಮಿ ಪರೀಕ್ಷಾ ಯಾನದಲ್ಲೇ ಲಿವರ್‌ಪೂಲ್ ಬಳಿ ಮುಳುಗಿ 99 ಮಂದಿ ಸತ್ತರು, ಬದುಕಿದವರು ನಾಲ್ವರು. ಸತ್ತವರಲ್ಲಿ ಹಡಗು ಕಟ್ಟುವ ಕಾರ್ಮಿಕರೂ ಇದ್ದರು. ಕಾರ್ಮಿಕ ಸಂಘದ ಕೋರಿಕೆಯಂತೆ ಕಾರಣ ಹುಡುಕಲು ಹೊರಟ ಹಾಲ್ಡೇನ್, ಸ್ವಯಂಸೇವಕರೊಂದಿಗೆ ತಾವೇ ಉಕ್ಕಿನ ಕೋಣೆಯೊಳಗೆ ಕುಳಿತರು. ಯುದ್ಧ ಶುರುವಾದ ಮೇಲೆ ಆ ಕೆಲಸ ನೌಕಾಪಡೆಗಾಗಿ ಮುಂದುವರಿಯಿತು. ಇಂಗಾಲದ ಡೈಆಕ್ಸೈಡ್ ಹೆಚ್ಚಾದರೆ, ಆಮ್ಲಜನಕ ಅತಿಯಾದರೆ, ಮಂಜುಗಡ್ಡೆಯ ನೀರಿನಲ್ಲಿ ಕುಳಿತರೆ ಏನಾಗುತ್ತದೆ ಎಂದು ಒಂದೊಂದಾಗಿ ನೋಡಿದರು. ಕಿವಿಯ ತಮಟೆ ಹರಿಯಿತು. ಒಮ್ಮೆ ಆಮ್ಲಜನಕದಿಂದ ಬಂದ ಸೆಳೆತದಲ್ಲಿ ಬೆನ್ನುಮೂಳೆ ಜಜ್ಜಿಹೋಗಿ, ಆ ನೋವು ಬದುಕಿಡೀ ಉಳಿಯಿತು.

ನಮ್ಮ ಪ್ರಶ್ನೆಗೆ ಉತ್ತರ ಕೊಡುವ ಪ್ರಯೋಗವೂ ಇದರಲ್ಲಿದೆ. 10 ವಾಯುಭಾರದಷ್ಟು, ಅಂದರೆ 90 ಮೀಟರ್ ಆಳದ ಒತ್ತಡದಲ್ಲಿ ಕೂತವರಿಗೆ ಲೆಕ್ಕ ಬಿಡಿಸಲು, ಚಿಮಟದಿಂದ ಪುಟ್ಟ ಉಕ್ಕಿನ ಗುಂಡುಗಳನ್ನು ಎತ್ತಿಡಲು ಹೇಳಲಾಯಿತು. ಲೆಕ್ಕ ತಪ್ಪಿತು, ಕೈ ತಡವರಿಸಿತು. ಹನಿ ಮದ್ಯ ಮುಟ್ಟದವರೂ ಅಮಲೇರಿದವರಂತಾದರು. ಹೆಚ್ಚಿನ ಒತ್ತಡದ ಸಾರಜನಕವೇ ಮಿದುಳಿಗೆ ಮದ್ಯದಂತೆ ಕೆಲಸ ಮಾಡುತ್ತದೆ. ಸುಮಾರು 30 ಮೀಟರ್ ದಾಟಿದರೆ ಬಹಳ ಮಂದಿಗೆ ಇದು ಗೊತ್ತಾಗುವಷ್ಟಾಗುತ್ತದೆ. ಹೊಟ್ಟೆಯಲ್ಲಿ ಮದ್ಯವೂ ಇದ್ದರೆ ಎರಡು ಅಮಲು ಕೂಡಿಕೊಳ್ಳುತ್ತವೆ.

ಹಾಗಾದರೆ ಆ ಮೂರು ಮಾತುಗಳು?

ಪೆಗ್ ಹಾಕಿದರೆ ಚಳಿ ಹೋಗುತ್ತದೆಯೇ? ಇಲ್ಲ. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಮೈ ಬೆಚ್ಚಗಾದಂತೆ ಅನಿಸುತ್ತದೆ, ಆದರೆ ಒಳಗಿನ ಬಿಸಿ ನೀರಿಗೆ ಸೋರುತ್ತದೆ. ಹೆದರಿಕೆಯ ಜೊತೆ ಎಚ್ಚರವೂ ಹೋಗುತ್ತದೆ. ಗಾಳಿ ಎಷ್ಟು ಉಳಿದಿದೆ ಎಂದು ನೋಡುವುದು, ಉಸಿರು ಹಿಡಿಯದೆ ನಿಧಾನವಾಗಿ ಏರುವುದು, ಇವೆಲ್ಲ ಎಚ್ಚರದ ಕೆಲಸಗಳೇ. ಬಾಯಲ್ಲಿ ಉಸಿರಾಟದ ಸಾಧನ ಇರುವಾಗ ವಾಂತಿಯಾದರೆ ಆಳವಿಲ್ಲದ ನೀರಲ್ಲೂ ಜೀವಕ್ಕೆ ಕುತ್ತು.

ರಾತ್ರಿಯದು ಬೆಳಿಗ್ಗೆಗೆ ಇಳಿಯುತ್ತದೆಯೇ? ಲೆಕ್ಕ ಹಾಕೋಣ. 180 ಮಿ.ಲೀ. ವಿಸ್ಕಿಯ ಒಂದು ಕ್ವಾರ್ಟರ್‌ನಲ್ಲಿ ಸುಮಾರು 60 ಗ್ರಾಂ ಆಲ್ಕೋಹಾಲ್ ಇದೆ. ಯಕೃತ್ತು ಗಂಟೆಗೆ ಹೆಚ್ಚುಕಡಿಮೆ 10 ಗ್ರಾಂ ಕರಗಿಸುತ್ತದೆ. ಒಂದು ಕ್ವಾರ್ಟರ್‌ಗೇ ಆರು ಗಂಟೆ ಬೇಕು. ರಾತ್ರಿ 11ಕ್ಕೆ ಎರಡು ಮುಗಿಸಿದವರ ರಕ್ತದಲ್ಲಿ ಬೆಳಿಗ್ಗೆ ದೋಣಿ ಹತ್ತುವಾಗಲೂ ಮದ್ಯ ಇರುತ್ತದೆ. ಕಾಫಿ, ನಿಂಬೆಹಣ್ಣು, ತಣ್ಣೀರ ಸ್ನಾನ ಇದನ್ನು ಬೇಗ ಮಾಡಲಾರವು.

ಮೇಲೆ ಬಂದ ಮೇಲೆ ಬಿಯರ್? ಮದ್ಯ ಮೂತ್ರ ಹೆಚ್ಚಿಸಿ ದೇಹದ ನೀರನ್ನು ಕಳೆಯುತ್ತದೆ. ಮೈಯಲ್ಲಿ ನೀರು ಕಡಿಮೆಯಾದರೆ ಸಾರಜನಕ ಹೊರಹೋಗುವುದಕ್ಕೂ ತೊಡಕಾಗಬಹುದು. ಇನ್ನೂ ದೊಡ್ಡ ಅಪಾಯವೆಂದರೆ ಗುರುತು ಸಿಗದಿರುವುದು. ಸುಸ್ತು, ತಲೆಸುತ್ತು, ಕೈಕಾಲು ಜೋಮು, ತೂರಾಟ ಇವೆಲ್ಲ ಗುಳ್ಳೆ ಕಾಯಿಲೆಯ ಲಕ್ಷಣಗಳು. ಕುಡಿದವನಲ್ಲಿ ಕಂಡರೆ ಜೊತೆಯವರು ಅಮಲೆಂದು ಮಲಗಿಸುತ್ತಾರೆ. ಚಿಕಿತ್ಸೆಯ ಹೊತ್ತು ಕೈತಪ್ಪುತ್ತದೆ.

ಘಟ್ಟ ಹತ್ತುವ ಮುನ್ನ

ಚಳ್ಳಕೆರೆ ಇರುವುದು ಸಮುದ್ರಮಟ್ಟದಿಂದ 500 ಮೀಟರ್‌ಗೂ ಮೇಲೆ. 300 ಮೀಟರ್ ದಾಟಿದರೆ ಡೈವಿಂಗ್ ಲೆಕ್ಕದಲ್ಲಿ ಅದು ಎತ್ತರದ ಜಾಗವೇ. ಬೆಳಿಗ್ಗೆ ಡೈವ್ ಮಾಡಿ ಸಂಜೆಗೇ ಘಟ್ಟ ಹತ್ತಿದರೆ ಗಾಳಿಯ ಒತ್ತಡ ಮತ್ತಷ್ಟು ಇಳಿಯುತ್ತದೆ. ಆಳವಿಲ್ಲದ ಒಂದೇ ಡೈವ್‌ಗೆ ಅಪಾಯ ಬಹಳ ಕಡಿಮೆ. ಹೆಚ್ಚು ಡೈವ್ ಮಾಡಿದವರು ಎಷ್ಟು ಹೊತ್ತು ಕಾಯಬೇಕೆಂದು ತರಬೇತುದಾರರನ್ನು ಕೇಳಿ. ವಿಮಾನ ಹತ್ತುವವರಿಗೆ ಒಂದು ಡೈವ್ ಆದ ಮೇಲೆ 12 ಗಂಟೆ, ಹಲವು ಆದ ಮೇಲೆ 18 ಗಂಟೆ ಕಾಯಬೇಕೆಂಬ ಸಲಹೆ ಇದೆ. ಹಿಂದಿನ ರಾತ್ರಿ ಮದ್ಯ ಬಿಡಿ, ಡೈವ್ ಆದ ದಿನವೂ ಬಿಡಿ, ಎಳನೀರು ಕುಡಿಯಿರಿ. ಊರಿಗೆ ಬಂದ ಮೇಲೆ ಜೋಮು, ಕೀಲುನೋವು ಕಂಡರೆ ವೈದ್ಯರಿಗೆ ಡೈವ್ ಮಾಡಿದ್ದನ್ನು ಮೊದಲು ಹೇಳಿ. ಬಯಲುಸೀಮೆಯ ಆಸ್ಪತ್ರೆಯಲ್ಲಿ ಕಡಲಿನ ಕಾಯಿಲೆ ಯಾರಿಗೂ ಥಟ್ಟನೆ ಹೊಳೆಯುವುದಿಲ್ಲ.

ಹಾಲ್ಡೇನ್ 1957ರಲ್ಲಿ ಭಾರತಕ್ಕೆ ಬಂದು ಕಲ್ಕತ್ತದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಸೇರಿದರು, ಮುಂದೆ ಭುವನೇಶ್ವರದಲ್ಲಿ ನೆಲೆಸಿದರು. 1964ರ ಡಿಸೆಂಬರ್ 1ರಂದು ಕ್ಯಾನ್ಸರ್‌ನಿಂದ ತೀರಿಕೊಂಡರು. ಅವರ ಇಚ್ಛೆಯಂತೆ ದೇಹವನ್ನು ಕಾಕಿನಾಡದ ರಂಗರಾಯ ವೈದ್ಯಕೀಯ ಕಾಲೇಜಿಗೆ ಕೊಡಲಾಯಿತು.