ರಾಬರ್ಟ್ ಬ್ರೂಸ್ ಫೂಟ್ ಮತ್ತು ನಮ್ಮ ಎರೆಭೂಮಿ



ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಯಾವುದೇ ಊರಿನಲ್ಲಿ ಹೊಲದ ಮಣ್ಣು ಎಂಥದೆಂದು ಕೇಳಿದರೆ ಬಹುಮಟ್ಟಿಗೆ ಒಂದೇ ಉತ್ತರ ಬರುತ್ತದೆ: ಎರೆ. ಆದರೆ ಈ ಎರೆಯಲ್ಲಿಯೇ ಒಂದು ಹೊಲ ತಲೆಮಾರುಗಳಿಂದ ಕಬ್ಬು ಬೆಳೆದೂ ಗಟ್ಟಿಯಾಗಿ ಉಳಿದಿದೆ. ಅದರ ಕೆಳಗಿನ ಹೊಲ ಸವಳು-ಜವಳಾಗಿ, ಬೇಸಿಗೆಯಲ್ಲಿ ಬಿಳಿ ಪೊರೆ ಹೊದ್ದು ಬೀಳು ಬಿದ್ದಿದೆ. ಮೇಲಿನ ಬಣ್ಣ ಎರಡರದ್ದೂ ಒಂದೇ. ಭೂಮಿಯನ್ನು ಮೇಲಿನಿಂದ ನೋಡಿದರೆ ಸಾಲದು, ಅದರ ಕೊರೆದ ಬದಿಯನ್ನು ನೋಡಬೇಕು ಎಂಬುದನ್ನು ಸುಮಾರು ನೂರೈವತ್ತು ವರ್ಷಗಳ ಹಿಂದೆ ನಮ್ಮ ಸೀಮೆಯ ಹಳ್ಳಗಳಲ್ಲಿಯೇ ಮಾಡಿ ತೋರಿಸಿದ ಒಬ್ಬರ ಜೀವನವನ್ನು ತಮ್ಮ ಮುಂದಿಡುತ್ತಿದ್ದೇನೆ.

ರಾಬರ್ಟ್ ಬ್ರೂಸ್ ಫೂಟ್ ಜನಿಸಿದ್ದು 1834ರಲ್ಲಿ, ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ. 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯನ್ನು ಸೇರಿದ ಅವರಿಗೆ ದಕ್ಷಿಣ ಭಾರತವೇ ಕಾರ್ಯಕ್ಷೇತ್ರವಾಯಿತು. ಅವರ ಹೆಸರು ಜಗತ್ತಿಗೆ ತಿಳಿದದ್ದು ಮಣ್ಣಿನಿಂದಲ್ಲ, ಕಲ್ಲಿನಿಂದ. 1863ರ ಮೇ 30ರಂದು ಮದ್ರಾಸಿನ ಬಳಿಯ ಪಲ್ಲಾವರಂನಲ್ಲಿ, ಗರಸಿಗಾಗಿ ಅಗೆದಿದ್ದ ಗುಂಡಿಯೊಂದರಲ್ಲಿ ಅವರಿಗೆ ಆದಿಮಾನವನ ಕಲ್ಲಿನ ಆಯುಧ ದೊರೆಯಿತು. ಭಾರತದ ಪ್ರಾಗಿತಿಹಾಸದ ಅಧ್ಯಯನವು ಆ ಗುಂಡಿಯಿಂದ ಆರಂಭವಾಯಿತೆನ್ನುತ್ತಾರೆ. ಆ ಗುಂಡಿಯನ್ನು ಅವರು ಅಗೆಸಿರಲಿಲ್ಲ ಎಂಬುದನ್ನು ಗಮನಿಸಿ. ಬೇರೆಯವರು ಬೇರೆ ಕೆಲಸಕ್ಕೆ ತೋಡಿದ್ದನ್ನು ಅವರು ನಿಂತು ನೋಡಿದರು, ಅಷ್ಟೇ. ಬಾವಿ, ಹಳ್ಳದ ದಂಡೆ, ರಸ್ತೆಯ ಕೊರಕಲು, ಇವೇ ಅವರ ಪ್ರಯೋಗಶಾಲೆಗಳು.

ಮುಂದೆ ಅವರು ದಕ್ಷಿಣ ಮರಾಠಾ ಸೀಮೆಗೆ ಬಂದರು. ಬೆಳಗಾವಿ, ಧಾರವಾಡ, ಕಲಾದಗಿ ಜಿಲ್ಲೆಗಳು ಮತ್ತು ಸುತ್ತಲಿನ ಸಂಸ್ಥಾನಗಳನ್ನು ಆಗ ಹಾಗೆಂದು ಕರೆಯುತ್ತಿದ್ದರು. ಚಿಕ್ಕೋಡಿ ಮತ್ತು ಅಥಣಿ ಬ್ರಿಟಿಷ್ ಬೆಳಗಾವಿಯಲ್ಲಿದ್ದವು, ರಾಯಬಾಗವು ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. ಈ ಸೀಮೆಯ ಶಿಲೆ, ನದಿ, ಮಣ್ಣುಗಳ ವಿವರಗಳನ್ನೊಳಗೊಂಡ ಅವರ ಬೃಹತ್ ವರದಿ 1876ರಲ್ಲಿ ಇಲಾಖೆಯ ಗ್ರಂಥಮಾಲೆಯ 12ನೆಯ ಸಂಪುಟವಾಗಿ ಹೊರಬಂದಿತು. ಕಲಾದಗಿಯ ಹೆಸರು ಒಂದು ಶಿಲಾಸಮೂಹಕ್ಕೆ ನಿಂತದ್ದು ಆ ವರದಿಯಿಂದ. ಮುಂದಿನ ದಶಕದಲ್ಲಿ ಧಾರವಾಡದ ಹೆಸರನ್ನು ಮತ್ತೊಂದು ಪ್ರಾಚೀನ ಶಿಲಾಸಮೂಹಕ್ಕೆ ಕೊಟ್ಟವರೂ ಅವರೇ. ಮಲಪ್ರಭಾ ಕಣಿವೆಯಲ್ಲಿ ಆಯುಧಗಳನ್ನು ಹುಡುಕಿದ್ದು, ಡಂಬಳ ಗುಡ್ಡಗಳ ಚಿನ್ನದ ಶಿಲೆಗಳನ್ನು ಪರೀಕ್ಷಿಸಿದ್ದು ಕೂಡ ಈ ಕಾಲದ ಕೆಲಸಗಳೇ. ಅವುಗಳ ಕಥೆ ಬೇರೆ.

ನಮಗೆ ಮುಖ್ಯವಾದದ್ದು ಗೋಕಾಕ ಸಮೀಪದ ಒಂದು ಹಳ್ಳ. ಘಟಪ್ರಭಾ ಕಣಿವೆಯ ಆ ಹಳ್ಳದ ದಂಡೆಯ ಜೇಡಿ ಪದರಿನಲ್ಲಿ ಫೂಟ್ ಅವರಿಗೆ ದೊಡ್ಡ ಪ್ರಾಣಿಯೊಂದರ ಎಲುಬು ಮತ್ತು ಹಲ್ಲುಗಳು ದೊರೆತವು. ಅದು ಖಡ್ಗಮೃಗ. 1874ರಲ್ಲಿ ಅವರು ಅದನ್ನು ಹೊಸ ಪ್ರಭೇದವೆಂದು ವರ್ಣಿಸಿ, ದಖನ್ನಿನ ಹೆಸರನ್ನೇ ಅದಕ್ಕಿಟ್ಟರು. ಇಂದು ಜೋಳ, ಕಬ್ಬು, ಗೋವಿನಜೋಳ ಬೆಳೆಯುವ ನಾಡಿನಲ್ಲಿ ಒಂದು ಕಾಲಕ್ಕೆ ಖಡ್ಗಮೃಗ ಮೇಯುತ್ತಿತ್ತೆಂಬುದು ಕೇಳಲು ಸೊಗಸು. ಕೃಷಿ ವಿಜ್ಞಾನಿಯಾದ ನನಗೆ ಆ ಪ್ರಾಣಿಗಿಂತ ಅದು ಹೂತಿದ್ದ ಪದರು ಹೆಚ್ಚು ಹೇಳುತ್ತದೆ. ಎಲುಬು ಅಷ್ಟು ಆಳದಲ್ಲಿ ಸಿಕ್ಕಿತೆಂದರೆ ಅದರ ಮೇಲಿನ ಮಣ್ಣು ಅಲ್ಲಿಯೇ ಇದ್ದ ಬಂಡೆ ಕೊಳೆತು ಆದುದಲ್ಲ. ನೀರು ತಂದು ಹಾಸಿದ್ದು. ತಗ್ಗಿನ ಎರೆಗೆ ಹೀಗೆ ತನ್ನದೇ ಒಂದು ಪೂರ್ವಚರಿತ್ರೆಯಿದೆ.

ಎರೆಯ ಹುಟ್ಟಿನ ಬಗ್ಗೆ ಆ ಶತಮಾನದಲ್ಲಿ ದೊಡ್ಡ ಚರ್ಚೆಯೇ ನಡೆದಿತ್ತು. ಧಾರವಾಡದಲ್ಲಿ ವೈದ್ಯರಾಗಿದ್ದ ಕ್ರಿಸ್ಟಿ ಎಂಬವರು ಅದು ಕರಿಕಲ್ಲು ಶಿಥಿಲವಾಗಿ ಆದುದೆಂದರು. ಸೈನ್ಯಾಧಿಕಾರಿ ನ್ಯೂಬೋಲ್ಡ್ ಅದನ್ನು ಒಪ್ಪದೆ, ಅದು ನೀರಿನಡಿ ಕೂಡಿದ ಮಣ್ಣೆಂದು ವಾದಿಸಿದರು. ಇಂದು ಹಿಂತಿರುಗಿ ನೋಡಿದರೆ ಇಬ್ಬರಲ್ಲಿಯೂ ಸತ್ಯಾಂಶವಿತ್ತು. ನಮ್ಮ ಐದು ತಾಲ್ಲೂಕುಗಳ ತಳದಲ್ಲಿ ಬಹುಪಾಲು ಇರುವುದು ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಹರಿದು ಹೆಪ್ಪುಗಟ್ಟಿದ ಲಾವಾ, ಅಂದರೆ ಬಸಾಲ್ಟ್ ಕರಿಕಲ್ಲು. ಅದರಲ್ಲಿ ಸುಣ್ಣ, ಮೆಗ್ನೀಷಿಯಂ, ಕಬ್ಬಿಣ ಹೇರಳ. ಮಳೆ ಕಡಿಮೆಯಿರುವಲ್ಲಿ ಕರಗಿದ ಸುಣ್ಣ, ಮೆಗ್ನೀಷಿಯಂ ಮತ್ತು ಸಿಲಿಕಾ ದೂರ ಹೋಗದೆ ಇಳಿಜಾರಿನ ತಗ್ಗಿನಲ್ಲಿ ನಿಲ್ಲುತ್ತವೆ. ಅಲ್ಲಿ ಸ್ಮೆಕ್ಟೈಟ್ ಎಂಬ ಉಬ್ಬುವ ಜೇಡಿ ಹುಟ್ಟುತ್ತದೆ. ಮಳೆ ಹೆಚ್ಚಿರುವಲ್ಲಿ ಅವೇ ಕೊಚ್ಚಿಹೋಗಿ ಕಬ್ಬಿಣ ಉಳಿದು ಭೂಮಿ ಕೆಂಪಾಗುತ್ತದೆ. ಸಹ್ಯಾದ್ರಿಯ ಕಡೆಯ ಎತ್ತರಗಳಲ್ಲಿ ಕರಿಕಲ್ಲಿನ ನೆತ್ತಿಯ ಮೇಲೆ ಕೂತ ಜಂಬುಕಲ್ಲನ್ನು ಫೂಟ್ ತಮ್ಮ ವರದಿಯಲ್ಲಿ ವಿವರಿಸಿದ್ದಾರೆ. ಕಲ್ಲು ಒಂದೇ, ಹವಾಮಾನ ಮತ್ತು ಭೂಮಿಯ ಎತ್ತರ-ತಗ್ಗು ಬೇರೆಯಾದಾಗ ಮಣ್ಣು ಬೇರೆಯಾಗುತ್ತದೆ.

ಈಗ ತಮ್ಮ ಭೂಮಿಗೆ ಬರೋಣ. ನಿಪ್ಪಾಣಿಯನ್ನೊಳಗೊಂಡ ಹಿಂದಿನ ಚಿಕ್ಕೋಡಿ ತಾಲ್ಲೂಕು ಉತ್ತರ ಅರೆಮಲೆನಾಡು ವಲಯಕ್ಕೆ ಸೇರಿದೆ. ಆ ವಲಯದ ವಾರ್ಷಿಕ ಮಳೆ ಸುಮಾರು 620ರಿಂದ 1300 ಮಿ.ಮೀ. ರಾಯಬಾಗ, ಅಥಣಿ ಮತ್ತು ಅಥಣಿಯಿಂದ ಬೇರ್ಪಟ್ಟ ಕಾಗವಾಡ ಉತ್ತರ ಒಣ ವಲಯದಲ್ಲಿವೆ. ಅಲ್ಲಿನ ಮಳೆ 465ರಿಂದ 785 ಮಿ.ಮೀ. ಪಶ್ಚಿಮದಿಂದ ಪೂರ್ವಕ್ಕೆ ಒಂದೇ ದಿನದಲ್ಲಿ ಪ್ರಯಾಣಿಸಿದರೂ ಸಾಕು, ಬದಲಾವಣೆ ಕಣ್ಣಿಗೆ ಬೀಳುತ್ತದೆ. ಪ್ರತಿ ಊರಿನೊಳಗೂ ಇಂತಹುದೇ ಒಂದು ಸಣ್ಣ ಪ್ರಯಾಣವಿದೆ. ದಿಬ್ಬದ ಮೇಲೆ ಗೇಣುದ್ದ ಮಣ್ಣಿನ ಮಡ್ಡಿ, ಕೆಳಗೆ ಗರಸು. ಇಳಿಜಾರಿನಲ್ಲಿ ಅರ್ಧ ಮೀಟರಿನಿಂದ ಒಂದು ಮೀಟರಿನ ಮಧ್ಯಮ ಎರೆ. ಹಳ್ಳದ ಬದಿಗೆ, ದೂಧಗಂಗಾ, ವೇದಗಂಗಾ, ಕೃಷ್ಣೆಯರ ದಂಡೆಗೆ ಬಂದರೆ ಒಂದೂವರೆ ಮೀಟರು ತೋಡಿದರೂ ಮುಗಿಯದ ಆಳದ ಎರೆ.

ಆಳದ ಎರೆಯ ಗುಣಗಳು ತಮಗೆ ಅನುಭವದಿಂದ ಗೊತ್ತಿವೆ. ಅದರಲ್ಲಿ ಜೇಡಿಯಂಶ ಸಾಮಾನ್ಯವಾಗಿ ಶೇ. 40ರಿಂದ 60. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು, ಮಳೆಗಾಲದಲ್ಲಿ ಕಾಲಿಡಲಾಗದಷ್ಟು ಜಿಗುಟು. ರಸಸಾರ 8ರಿಂದ 8.5ರ ಆಸುಪಾಸು, ಕೆಳಗೆ ಸುಣ್ಣದ ಹರಳು. ಕಪ್ಪು ಬಣ್ಣವನ್ನು ಕಂಡು ಸಾವಯವ ಅಂಶ ಹೆಚ್ಚಿದೆಯೆಂದು ಭಾವಿಸಬೇಡಿ; ಸಾವಯವ ಇಂಗಾಲ ಅನೇಕ ಹೊಲಗಳಲ್ಲಿ ಶೇ. 0.5ನ್ನೂ ಮುಟ್ಟುವುದಿಲ್ಲ. ಒಂದು ಮೀಟರ್ ಆಳದ ಎರೆ ಬೆಳೆಗೆ ದೊರೆಯುವ 150ರಿಂದ 200 ಮಿ.ಮೀ. ನೀರನ್ನು ಹಿಡಿದಿಡುತ್ತದೆ. ಅಥಣಿಯ ಹಿಂಗಾರಿ ಜೋಳ ಮತ್ತು ಕಡಲೆ ಮಳೆ ನಿಂತ ಮೇಲೂ ಕಾಳು ಕಟ್ಟುವುದು ಈ ಉಳಿತಾಯದಿಂದ. ಗೇಣು ಮಣ್ಣಿನ ಮಡ್ಡಿಯಲ್ಲಿ ಅದೇ ತಳಿಯನ್ನು ಅದೇ ದಿನ ಬಿತ್ತಿ ಸೋತವರು, ಬೀಜವನ್ನು ದೂರುವ ಮೊದಲು ಗುದ್ದಲಿ ಹಿಡಿದು ಮಣ್ಣಿನ ಆಳ ನೋಡಬೇಕು.

ನೀರು ಹಿಡಿಯುವ ಇದೇ ಗುಣ ನೀರಾವರಿಯಲ್ಲಿ ಮುಳುವಾಗುತ್ತದೆ. ಕಬ್ಬಿಗೆ ವರ್ಷಕ್ಕೆ 1500 ಮಿ.ಮೀ. ನೀರು ಹಾಯಿಸಿದಿರೆಂದು ಇಟ್ಟುಕೊಳ್ಳಿ. ಲೀಟರಿಗೆ ಕೇವಲ ಅರ್ಧ ಗ್ರಾಂ ಲವಣವಿದ್ದರೂ ಹೆಕ್ಟೇರಿಗೆ ಏಳೂವರೆ ಟನ್ ಲವಣ ಹೊಲ ಸೇರಿತು. ನೀರನ್ನು ಬೆಳೆ ಮತ್ತು ಬಿಸಿಲು ತೆಗೆದುಕೊಳ್ಳುತ್ತವೆ, ಲವಣವನ್ನಲ್ಲ. ಮಧ್ಯಮ ಎರೆಯ ಕೆಳಗೆ ಸಡಿಲ ಗರಸಿದ್ದರೆ ಮಳೆಗಾಲದಲ್ಲಿ ಅದು ಬಸಿದು ಹೋಗುತ್ತದೆ. ತಗ್ಗಿನ ಆಳದ ಎರೆಯಲ್ಲಿ ದಾರಿಯಿಲ್ಲ. ಸಾಲದ್ದಕ್ಕೆ ಮೇಲಿನ ಹೊಲಗಳ ಬಸಿನೀರೂ ಅಲ್ಲಿಗೇ ಇಳಿಯುತ್ತದೆ. ಹೀಗಾಗಿ ಮೇಲಿನವರ ನೀರಿನ ಲೆಕ್ಕವನ್ನು ಕೆಳಗಿನವರು ತೀರಿಸುತ್ತಿದ್ದಾರೆ. ಇದನ್ನು ಒಬ್ಬ ರೈತನ ತಪ್ಪೆಂದು ನೋಡುವುದು ಸರಿಯಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ.

ವೃತ್ತಿಯ ಆರಂಭದ ವರ್ಷಗಳಲ್ಲಿ ನಾನೂ ಮೇಲಿನ ಅರ್ಧ ಅಡಿ ಮಣ್ಣಿನ ಪರೀಕ್ಷಾ ಫಲಿತಾಂಶವೊಂದನ್ನೇ ಹಿಡಿದು ಇಂತಹ ಹೊಲಗಳಿಗೆ ಜಿಪ್ಸಂ ಶಿಫಾರಸು ಮಾಡಿದವನೇ. ಹಣ ಕಳೆದುಕೊಂಡ ರೈತರು ಮರುವರ್ಷ ಬಂದು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಲವಣ ಮಾತ್ರ ಹೆಚ್ಚಿದ್ದರೆ ಜಿಪ್ಸಂನಿಂದ ಪ್ರಯೋಜನವಿಲ್ಲ. ಬೇಕಾದದ್ದು ಬಸಿಗಾಲುವೆ ಮತ್ತು ಒಳ್ಳೆಯ ನೀರು. ಸೋಡಿಯಂ ಹೆಚ್ಚಿ ಮಣ್ಣು ಕೆಸರುಗಟ್ಟುತ್ತಿದ್ದರೆ ಜಿಪ್ಸಂ ಬೇಕು, ಆದರೆ ಅದು ಬಿಡಿಸಿದ ಸೋಡಿಯಂ ಹೊರಹೋಗಲು ಆಗಲೂ ಬಸಿಗಾಲುವೆ ಬೇಕು. ಪುಸ್ತಕಗಳು ವಿನಿಮಯ ಸೋಡಿಯಂ ಶೇ. 15 ದಾಟಿದರೆ ಕ್ಷಾರವೆನ್ನುತ್ತವೆ; ಎರೆಯಲ್ಲಿ ಅದಕ್ಕಿಂತ ಬಹಳ ಕಡಿಮೆ ಇರುವಾಗಲೇ ನೀರು ಇಂಗುವುದು ನಿಲ್ಲತೊಡಗುತ್ತದೆ.

ಆದ್ದರಿಂದ ಹೊಸದಾಗಿ ಏತ ನೀರಾವರಿ ಮಾಡಿಕೊಳ್ಳುವವರು ಪೈಪಿನ ಖರ್ಚಿಗೆ ಮೊದಲು ಬೇಸಿಗೆಯಲ್ಲಿ ಒಂದೂವರೆ ಮೀಟರ್ ಆಳದ ಗುಂಡಿ ತೋಡಿಸಿ, ಬಿಸಿಲು ಬೀಳುವ ಬದಿಯನ್ನು ಚಾಕುವಿನಿಂದ ಕೆರೆದು ನೋಡಬೇಕು. ಗರಸು ಎಷ್ಟು ಆಳಕ್ಕೆ ಸಿಕ್ಕಿತು, ಸುಣ್ಣದ ಹರಳು ಎಲ್ಲಿಂದ ಶುರುವಾಯಿತು, ಜೇಡಿಯಲ್ಲಿ ಉಜ್ಜಿ ಹೊಳಪೇರಿದಂತಹ ಓರೆ ಮುಖಗಳಿವೆಯೇ, ತಳದಲ್ಲಿ ನೀರು ಜಿನುಗುತ್ತದೆಯೇ? ಪ್ರತಿ ಪದರಿನ ಮಣ್ಣನ್ನೂ ಬೇರೆ ಬೇರೆ ಚೀಲದಲ್ಲಿ ಪರೀಕ್ಷೆಗೆ ಕಳುಹಿಸಿ. ವಿಸ್ತರಣಾ ಕಾರ್ಯಕರ್ತರು ಮಣ್ಣು ಪರೀಕ್ಷಾ ಚೀಟಿಯ ಮೇಲೆ ಹೊಲವು ದಿಬ್ಬದಲ್ಲಿದೆಯೋ, ಇಳಿಜಾರಿನಲ್ಲಿದೆಯೋ, ತಗ್ಗಿನಲ್ಲಿದೆಯೋ ಎಂಬುದನ್ನು ತಪ್ಪದೆ ಬರೆಯಬೇಕು. ಒಂದು ಪದದ ಕೆಲಸ. ಅದಿಲ್ಲದೆ ಉಳಿದ ಅಂಕಿಗಳು ಅರ್ಧ ಮಾತ್ರ ಮಾತನಾಡುತ್ತವೆ. ತಗ್ಗಿನ ಹೊಲಗಳಲ್ಲಿ ಬಸಿಗಾಲುವೆ ಒಬ್ಬರಿಂದ ಆಗುವುದಲ್ಲ. ಹಳ್ಳದವರೆಗೆ ನೀರು ಹೋಗಲು ಅಕ್ಕಪಕ್ಕದವರೆಲ್ಲ ಕೂಡಿ ಒಪ್ಪಬೇಕು.

ಫೂಟ್ ಅವರು 1891ರಲ್ಲಿ ಸರ್ವೇಕ್ಷಣಾ ಇಲಾಖೆಯಿಂದ ನಿವೃತ್ತರಾದರು. ಆದರೂ ಗುಂಡಿ ನೋಡುವುದನ್ನು ಬಿಡಲಿಲ್ಲ. ಬರೋಡಾ ಸಂಸ್ಥಾನದ ಭೂವಿಜ್ಞಾನವನ್ನು ಬರೆದರು; 1894ರಲ್ಲಿ ಮೈಸೂರು ಸಂಸ್ಥಾನವು ತನ್ನದೇ ಭೂವಿಜ್ಞಾನ ಇಲಾಖೆಯನ್ನು ತೆರೆದಾಗ ಅದರ ಮೊದಲ ಮುಖ್ಯಸ್ಥರಾದರು. ಆ ವೇಳೆಗೆ ಅವರಿಗೆ ಅರವತ್ತು ವರ್ಷ. ನಾಲ್ಕು ದಶಕ ಕೂಡಿಸಿದ ಕಲ್ಲಿನ ಆಯುಧಗಳು ಮತ್ತು ಮಡಕೆ ಚೂರುಗಳನ್ನು, ಸಿಕ್ಕ ಸ್ಥಳದ ವಿವರ ಸಹಿತ, ಮದ್ರಾಸ್ ವಸ್ತುಸಂಗ್ರಹಾಲಯವು ಪಡೆದುಕೊಂಡಿತು. ಕೊನೆಯ ವರ್ಷಗಳನ್ನು ಸೇಲಂ ಸಮೀಪದ ಏರ್ಕಾಡಿನ ಬೆಟ್ಟದಲ್ಲಿ ಕಳೆದು, 1912ರ ಡಿಸೆಂಬರ್ 29ರಂದು ಕಲ್ಕತ್ತೆಯಲ್ಲಿ ತೀರಿಕೊಂಡರು. ಅವರ ಚಿತಾಭಸ್ಮವನ್ನು ಏರ್ಕಾಡಿಗೆ ತಂದು ಅಲ್ಲಿನ ಇಗರ್ಜಿಯ ಆವರಣದಲ್ಲಿ ಹೂಳಲಾಗಿದೆ.